ಸತ್ತ ಮೀನಿಗೆ ಪಂಚನಾಮೆ, ಬದುಕಿದ ಮೀನಿಗೆ?

ಕೆರೆಯಲ್ಲೋ ಹೊಳೆಯಲ್ಲೋ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದಾಗ ಮಾತ್ರ ನಮ್ಮ ಆಡಳಿತ ಎಚ್ಚರಗೊಳ್ಳುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ದಡ ಸೇರಿದಾಗ ಹಾಗೆಯೇ ಆಯಿತು. ಅದಕ್ಕೂ ಹಿಂದೆ, 1980ರ ದಶಕದಲ್ಲಿ, ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿದ್ದ ರೇಯಾನ್ ತಿರುಳಿನ ಕಾರ್ಖಾನೆಯ ಕೆಳಗೆ ತುಂಗಭದ್ರೆಯ ಮೀನುಗಳು ಸತ್ತಾಗ ನದಿದಂಡೆಯ ಹಳ್ಳಿಗಳು ಎದ್ದು ನಿಂತಿದ್ದವು. ಎಸ್.ಆರ್. ಹಿರೇಮಠ ಹಾಗೂ ಸಮಾಜ ಪರಿವರ್ತನ ಸಮುದಾಯದ ಸಂಗಾತಿಗಳು ಆ ಹಳ್ಳಿಗಳ ದನಿಯನ್ನು ನಾಡಿಗೆಲ್ಲ ಕೇಳಿಸಿದ್ದರು. ಸತ್ತ ಮೀನು ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ, ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಅಧಿಕಾರಿಗಳು ಬರುತ್ತಾರೆ, ಬಾಟಲಿಯಲ್ಲಿ ನೀರು ತುಂಬಿಕೊಳ್ಳುತ್ತಾರೆ, ಪಂಚನಾಮೆ ಮುಗಿಸಿ ಹೋಗುತ್ತಾರೆ.

ಒಂದು ಅರ್ಥದಲ್ಲಿ ಸತ್ತ ಮೀನು ನಮಗೆ ಉಪಕಾರವನ್ನೇ ಮಾಡಿರುತ್ತದೆ. ಅದನ್ನು ಯಾರೂ ಮನೆಗೆ ಕೊಂಡೊಯ್ದು ಸಾರು ಮಾಡುವುದಿಲ್ಲ. ನಾವು ಭಯಪಡಬೇಕಾದದ್ದು ಸಾಯದೆ ಉಳಿದ ಮೀನಿಗೆ. ಅದು ಚೆನ್ನಾಗಿ ಈಜುತ್ತದೆ, ಬೆಳೆಯುತ್ತದೆ, ಬಲೆಗೆ ಬಿದ್ದಾಗ ಪಟಪಟನೆ ಬಡಿದುಕೊಳ್ಳುತ್ತದೆ. ಕಿವಿರು ಕೆಂಪಗಿರುತ್ತದೆ, ಕಣ್ಣು ಹೊಳೆಯುತ್ತದೆ. ಮೀನು ಕೊಳ್ಳುವ ಅನುಭವಸ್ಥರು ನೋಡುವ ಎಲ್ಲ ಲಕ್ಷಣಗಳಲ್ಲೂ ಅದು ಉತ್ತೀರ್ಣವಾಗುತ್ತದೆ. ಅದರ ಮಾಂಸದಲ್ಲಿ ಪಾದರಸವಿದೆಯೋ ಇಲ್ಲವೋ ಎಂಬುದನ್ನು ಕಣ್ಣು, ಮೂಗು, ನಾಲಿಗೆ ಈ ಮೂರೂ ಹೇಳಲಾರವು. ಅದನ್ನು ಹೇಳಬಲ್ಲದ್ದು ಪ್ರಯೋಗಾಲಯ ಮಾತ್ರ. ನಮ್ಮ ನದಿಗಳ ಮೀನು ಆ ಪ್ರಯೋಗಾಲಯವನ್ನು ಕ್ರಮಬದ್ಧವಾಗಿ ತಲುಪುತ್ತಿಲ್ಲ ಎಂಬುದೇ ಈ ಲೇಖನದ ತಕರಾರು.

ನಾನು ಹೊಳೆಮೀನು ತಿನ್ನುವ ಮನೆಯಲ್ಲೇ ಬೆಳೆದವನು. ಆದ್ದರಿಂದ ಮೀನು ತಿನ್ನುವುದನ್ನು ಬಿಡಿ ಎಂಬ ಉಪದೇಶ ನನ್ನಿಂದ ಬಾರದು. ಅಗ್ಗದ, ಸುಲಭವಾಗಿ ಜೀರ್ಣವಾಗುವ, ಮಕ್ಕಳ ಮಿದುಳಿನ ಬೆಳವಣಿಗೆಗೆ ಬೇಕಾದ ಕೊಬ್ಬಿನಂಶವುಳ್ಳ ಆಹಾರ ಅದು. ಅಂಥ ಆಹಾರವನ್ನು ಬಡವರ ತಟ್ಟೆಯಿಂದ ಕಸಿಯುವುದು ಇನ್ನೊಂದು ಅನ್ಯಾಯ. ಅದು ನಿರ್ವಿಷವಾಗಿದೆ ಎಂಬ ಭರವಸೆಯನ್ನು ಕೊಡುವ ಹೊಣೆ ಯಾರದು ಎಂಬುದಷ್ಟೇ ನನ್ನ ಪ್ರಶ್ನೆ.

ಅಗಾನೊ ನದಿಯ ಪಾಠ

ಪಾದರಸದ ಮಾತು ಬಂದಾಗಲೆಲ್ಲ ಜಪಾನಿನ ಮಿನಮಾಟ ಎಂಬ ಹೆಸರು ನೆನಪಾಗುತ್ತದೆ. ಅಲ್ಲಿನ ಕೊಲ್ಲಿಗೆ ಚಿಸ್ಸೊ ಕಂಪನಿ ಬಿಟ್ಟ ತ್ಯಾಜ್ಯದಿಂದ ಉಂಟಾದ ಕಾಯಿಲೆ 1956ರ ಮೇ ತಿಂಗಳಲ್ಲಿ ಅಧಿಕೃತವಾಗಿ ದಾಖಲಾಯಿತು. ಆದರೆ ನದಿಯ ಮೀನು ತಿನ್ನುವ ನಮಗೆ ಹೆಚ್ಚು ಹತ್ತಿರದ ಪಾಠ ಮಿನಮಾಟದ್ದಲ್ಲ. ಅದೇ ದೇಶದ ಮತ್ತೊಂದು ಮೂಲೆಯಲ್ಲಿ, ನೀಗಾಟ ಪ್ರಾಂತ್ಯದ ಅಗಾನೊ ನದಿಯ ದಂಡೆಯಲ್ಲಿ ನಡೆದದ್ದು.

1965ರ ಜೂನ್ ತಿಂಗಳಲ್ಲಿ ನೀಗಾಟ ವಿಶ್ವವಿದ್ಯಾಲಯದ ವೈದ್ಯರು ಅಗಾನೊ ನದಿಯ ಕೆಳಪಾತ್ರದ ಹಳ್ಳಿಗಳಲ್ಲಿ ವಿಚಿತ್ರ ರೋಗಿಗಳು ಕಾಣಿಸಿಕೊಂಡಿರುವುದನ್ನು ಬಹಿರಂಗಪಡಿಸಿದರು. ಕೈಕಾಲು ಜೋಮುಗಟ್ಟುವುದು, ನಡಿಗೆ ತಡವರಿಸುವುದು, ಮಾತು ತೊದಲುವುದು, ದೃಷ್ಟಿಯ ವಿಸ್ತಾರ ಕುಗ್ಗಿ ಕೊಳವೆಯ ಮೂಲಕ ಲೋಕವನ್ನು ನೋಡಿದಂತಾಗುವುದು. ಇವೆಲ್ಲ ಮಿನಮಾಟದಲ್ಲಿ ಕಂಡ ಲಕ್ಷಣಗಳೇ. ರೋಗಿಗಳ ತಲೆಗೂದಲಿನಲ್ಲಿ ಪಾದರಸ ಸಿಕ್ಕಿತು. ಅವರು ನದಿಯ ಮೀನನ್ನು ದಿನವೂ ಉಣ್ಣುತ್ತಿದ್ದವರು. ವಿಷದ ಮೂಲ ಕಾಲಬುಡದಲ್ಲಿರಲಿಲ್ಲ. ನದೀಮುಖದಿಂದ ಸುಮಾರು 60 ಕಿಲೋಮೀಟರ್ ಮೇಲಿನ ಕನೋಸೆ ಎಂಬಲ್ಲಿದ್ದ ಷೋವಾ ಡೆಂಕೊ ಕಂಪನಿಯ ಅಸಿಟಾಲ್ಡಿಹೈಡ್ ಘಟಕದಲ್ಲಿತ್ತು. ಸೋಜಿಗವೆಂದರೆ, ರೋಗ ಬೆಳಕಿಗೆ ಬರುವ ಕೆಲವು ತಿಂಗಳ ಮೊದಲೇ ಆ ಘಟಕ ಉತ್ಪಾದನೆಯನ್ನು ನಿಲ್ಲಿಸಿತ್ತು.

ನದಿಯ ನೀರು ಕುಡಿದು ಯಾರೂ ಹಾಸಿಗೆ ಹಿಡಿದಿರಲಿಲ್ಲ. ಹಾಸಿಗೆ ಹಿಡಿದವರು ಮೀನು ತಿಂದವರು. ಕೂದಲಿನಲ್ಲಿ ಪಾದರಸ ಹೆಚ್ಚಿದ್ದ ಹೆಂಗಸರಿಗೆ ಗರ್ಭ ಧರಿಸಬೇಡಿ ಎಂಬ ಸಲಹೆಯನ್ನು ಅಲ್ಲಿನ ಆಡಳಿತ ನೀಡಬೇಕಾಯಿತು. ಒಂದು ಕಾರ್ಖಾನೆಯ ಕೊಳವೆ ಎಲ್ಲಿಯವರೆಗೆ ಕೈಚಾಚಬಲ್ಲದೆಂಬುದಕ್ಕೆ ಇದಕ್ಕಿಂತ ಕ್ರೂರವಾದ ಉದಾಹರಣೆ ಬೇಕೇ?

ಕಂಪನಿ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. 1964ರ ಜೂನ್‌ನಲ್ಲಿ ನೀಗಾಟದಲ್ಲಿ ದೊಡ್ಡ ಭೂಕಂಪವಾಗಿತ್ತು. ಆಗ ಗೋದಾಮುಗಳಲ್ಲಿದ್ದ ಕೃಷಿ ಕೀಟನಾಶಕಗಳು ನದಿಗೆ ಸೇರಿ ಹೀಗಾಗಿರಬೇಕೆಂದು ಅದು ವಾದಿಸಿತು. ಸಂತ್ರಸ್ತರು 1967ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಜಪಾನಿನ ನಾಲ್ಕು ಮಹಾ ಮಾಲಿನ್ಯ ಮೊಕದ್ದಮೆಗಳಲ್ಲಿ ಮೊದಲು ದಾಖಲಾದದ್ದು ಇದೇ. 1971ರ ಸೆಪ್ಟೆಂಬರ್‌ನಲ್ಲಿ ತೀರ್ಪು ಅವರ ಪರವಾಗಿ ಬಂತು. ಆ ತೀರ್ಪಿನ ಒಂದು ತತ್ತ್ವವನ್ನು ನಮ್ಮ ಕಾನೂನು ಪಂಡಿತರು ಗಮನಿಸಬೇಕು. ವಿಷದ ಜಾಡು ಕಾರ್ಖಾನೆಯ ಬಾಗಿಲಿನವರೆಗೆ ಬಂದು ಮುಟ್ಟಿದ ಮೇಲೆ, ಆ ಬಾಗಿಲಿನ ಒಳಗೆ ಏನು ನಡೆಯಿತೆಂಬುದನ್ನು ಸಾಬೀತುಪಡಿಸುವ ಹೊರೆ ಸಂತ್ರಸ್ತರದಲ್ಲ, ತಾನು ನಿರಪರಾಧಿ ಎಂದು ತೋರಿಸುವ ಹೊರೆ ಕಾರ್ಖಾನೆಯದು ಎಂದು ನ್ಯಾಯಾಲಯ ಹೇಳಿತು. ಕಾಯಿಲೆಯ ಮನುಷ್ಯನೇ ರಸಾಯನಶಾಸ್ತ್ರಜ್ಞನಾಗಿ ವಾದಿಸಬೇಕೆಂಬ ಹಟವನ್ನು ಅದು ಕೈಬಿಟ್ಟಿತು.

ನೀರಿನ ಲೆಕ್ಕ ಬೇರೆ, ಮೀನಿನ ಲೆಕ್ಕ ಬೇರೆ

ನೀರಿನಲ್ಲಿ ಅತ್ಯಲ್ಪವಾಗಿರುವ ವಿಷ ಮೀನಿನಲ್ಲಿ ಅಷ್ಟೊಂದು ಹೇಗೆ ಸೇರುತ್ತದೆ? ಕಾರ್ಖಾನೆಯಿಂದಲೋ ಕಲ್ಲಿದ್ದಲಿನ ಹೊಗೆಯಿಂದಲೋ ಬಂದ ಪಾದರಸ ನದಿಯ ತಳದ ಹೂಳಿನಲ್ಲಿ ಕೂರುತ್ತದೆ. ಆಮ್ಲಜನಕವಿಲ್ಲದ ಆ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಸೂಕ್ಷ್ಮಜೀವಿಗಳು ಅದನ್ನು ಹೀರುತ್ತವೆ. ಅವುಗಳನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ವಿಷ ಸಾಂದ್ರವಾಗುತ್ತ ಹೋಗುತ್ತದೆ. ಸರಪಳಿಯ ತುದಿಯ ಬೇಟೆಗಾರ ಮೀನಿನಲ್ಲಿ ಅದು ಸುತ್ತಲಿನ ನೀರಿನಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟಿನಷ್ಟು ಹೆಚ್ಚಿರಬಹುದು. ನಮ್ಮ ಹೊಳೆಗಳಲ್ಲಿ ಬಾಳೆಮೀನು, ಕೊರವದಂಥವು ಈ ಬೇಟೆಗಾರರ ಸಾಲಿಗೆ ಸೇರುತ್ತವೆ. ರುಚಿಗೂ ಬೆಲೆಗೂ ಹೆಸರಾದವು ಅವೇ.

ಮೀಥೈಲ್ ಪಾದರಸ ಮೀನಿನ ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುತ್ತದೆ. ತೊಳೆದರೆ, ಹುಣಸೆಹುಳಿಯಲ್ಲಿ ನೆನೆಸಿದರೆ, ಹುರಿದರೆ, ಕುದಿಸಿದರೆ ಅದು ಹೋಗುವುದಿಲ್ಲ. ಮನುಷ್ಯನ ದೇಹ ತಾನು ಹೀರಿಕೊಂಡದ್ದರ ಅರ್ಧದಷ್ಟನ್ನು ಹೊರಹಾಕಲು ಸುಮಾರು 50 ದಿನಗಳನ್ನು ತೆಗೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ತಿನ್ನುವವರಿಗೆ ಇದು ದೊಡ್ಡ ಸಂಗತಿಯಲ್ಲ. ದಿನವೂ ತಿನ್ನುವವರಲ್ಲಿ ಹಳೆಯದು ಕರಗುವ ಮೊದಲೇ ಹೊಸದು ಬಂದು ಸೇರುತ್ತದೆ. ಗರ್ಭಿಣಿಯ ರಕ್ತದಿಂದ ಅದು ಮಾಸುಚೀಲವನ್ನು ದಾಟಿ ಭ್ರೂಣದ ಮಿದುಳನ್ನು ಮುಟ್ಟುತ್ತದೆ. ತಾಯಿ ಹೆಚ್ಚುಕಡಿಮೆ ಆರೋಗ್ಯವಾಗಿದ್ದು ಮಗು ಮಾತ್ರ ಅಂಗವೈಕಲ್ಯದೊಂದಿಗೆ ಹುಟ್ಟಿದ ಪ್ರಕರಣಗಳನ್ನು ಮಿನಮಾಟ ಕಂಡಿದೆ.

ಈಗ ನಮ್ಮ ಅಳತೆಗೋಲನ್ನು ನೋಡೋಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2022ರಲ್ಲಿ ದೇಶದ 311 ನದಿಭಾಗಗಳನ್ನು ಕಲುಷಿತವೆಂದು ಗುರುತಿಸಿತು. ಅವುಗಳಲ್ಲಿ 17 ಕರ್ನಾಟಕದವು. ಈ ಪಟ್ಟಿಗೆ ಆಧಾರ ಬಿಓಡಿ ಎಂದು ಕರೆಯುವ ಜೈವಿಕ ಆಮ್ಲಜನಕ ಬೇಡಿಕೆ. ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಆ ಭಾಗ ಕಲುಷಿತ. ಚರಂಡಿ ನೀರು ಎಷ್ಟು ಸೇರಿದೆ ಎಂಬುದನ್ನು ತಿಳಿಯಲು ಇದು ಒಳ್ಳೆಯ ಮಾಪಕ. ಪಾದರಸದ ಬಗ್ಗೆ, ಕೀಟನಾಶಕಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಇನ್ನೂ ಒಂದು ಸ್ವಾರಸ್ಯವಿದೆ. ಮಂಡಳಿ ನದಿಯ ನೀರನ್ನು ಬಳಕೆಗೆ ತಕ್ಕಂತೆ ಎ ಇಂದ ಇ ವರೆಗೆ ವಿಂಗಡಿಸುತ್ತದೆ. ‘ವನ್ಯಜೀವಿ ಮತ್ತು ಮೀನುಗಾರಿಕೆ’ಗೆ ಯೋಗ್ಯವಾದದ್ದು ಡಿ ದರ್ಜೆ. ಅದಕ್ಕೆ ಬೇಕಾದ ಅರ್ಹತೆ ಮೂರೇ: ಆಮ್ಲೀಯತೆಯನ್ನು ಸೂಚಿಸುವ ಪಿಎಚ್ 6.5ರಿಂದ 8.5ರ ಒಳಗಿರಬೇಕು, ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ಈ ಮೂರೂ ಮೀನು ಬದುಕಲು ಬೇಕಾದ ಷರತ್ತುಗಳು. ಆ ಮೀನನ್ನು ತಿಂದ ಮನುಷ್ಯ ಆರೋಗ್ಯವಾಗಿರಲು ಬೇಕಾದ ಒಂದು ಷರತ್ತೂ ಅಲ್ಲಿಲ್ಲ. ಕೇಂದ್ರ ಜಲ ಆಯೋಗ ನದಿಗಳಲ್ಲಿನ ಭಾರಲೋಹಗಳ ಬಗ್ಗೆ ವರದಿಗಳನ್ನು ಪ್ರಕಟಿಸಿದೆ, ನಿಜ. ಅಲ್ಲಿಯೂ ಅಳೆದದ್ದು ನೀರನ್ನೇ. ವಿಷ ಸಾಂದ್ರವಾಗುವ ಜಾಗವನ್ನು ಬಿಟ್ಟು ಅದು ತೆಳುವಾಗಿರುವ ಜಾಗದಲ್ಲಿ ಹುಡುಕಿ ‘ಎಲ್ಲವೂ ಮಿತಿಯಲ್ಲಿದೆ’ ಎಂದು ಷರಾ ಬರೆದರೆ ಅದರಿಂದ ಯಾರಿಗೆ ಪ್ರಯೋಜನ?

ಮಿತಿಯೊಳಗಿನ ಅಪಾಯ

ಮೀನಿಗೂ ಮಿತಿ ಇದೆಯಲ್ಲ ಎಂದು ಕೇಳಬಹುದು. ಇದೆ. ಆಹಾರ ಸುರಕ್ಷತೆಯ 2011ರ ನಿಯಮಗಳಲ್ಲಿ ಮೀನಿನ ಪಾದರಸಕ್ಕೆ ಕಿಲೋಗ್ರಾಮಿಗೆ ಅರ್ಧ ಮಿಲಿಗ್ರಾಂ, ಅಂದರೆ 500 ಮೈಕ್ರೋಗ್ರಾಂ ಮಿತಿಯನ್ನು ಹಾಕಲಾಯಿತು. ಇನ್ನೊಂದು ಕಡೆ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ, ಮನುಷ್ಯ ವಾರಕ್ಕೆ ಎಷ್ಟು ಮೀಥೈಲ್ ಪಾದರಸವನ್ನು ತಾಳಬಲ್ಲನೆಂಬುದನ್ನು 2003ರಲ್ಲಿ ನಿಗದಿಪಡಿಸಿದೆ: ದೇಹತೂಕದ ಪ್ರತಿ ಕಿಲೋಗೆ 1.6 ಮೈಕ್ರೋಗ್ರಾಂ. ಭ್ರೂಣದ ಮಿದುಳನ್ನು ಗಮನದಲ್ಲಿಟ್ಟುಕೊಂಡು ಮಾಡಿದ ಲೆಕ್ಕ ಇದು.

ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಯಾರಾದರೂ ಗುಣಿಸಿ ನೋಡಬಹುದು. 60 ಕಿಲೋ ತೂಕದ ಹೆಂಗಸಿಗೆ ವಾರದ ಮಿತಿ 96 ಮೈಕ್ರೋಗ್ರಾಂ. ಮೀನಿನಲ್ಲಿರುವ ಪಾದರಸ ಬಹುಪಾಲು ಮೀಥೈಲ್ ರೂಪದ್ದೇ ಆಗಿರುವುದರಿಂದ, ಕಾನೂನಿನ ಗೆರೆಯ ಮೇಲೆ ನಿಂತ ಮೀನನ್ನು ಆಕೆ ವಾರಕ್ಕೆ ಸುಮಾರು 190 ಗ್ರಾಂ ತಿಂದರೆ ಮಿತಿ ಮುಗಿಯಿತು. 15 ಕಿಲೋ ತೂಕದ ಮಗುವಿಗೆ 48 ಗ್ರಾಂ, ಒಂದು ಸಣ್ಣ ತುಂಡು. ವಾರಕ್ಕೊಮ್ಮೆ ಮೀನು ತರುವ ನಗರದ ಮಧ್ಯಮವರ್ಗದ ಮನೆಗೆ ಈ ಲೆಕ್ಕ ಹೇಗೋ ಹೊಂದುತ್ತದೆ. ಹರಿಗೋಲಿನಲ್ಲೇ ಬದುಕುವ, ಮಾರಿ ಉಳಿದದ್ದನ್ನು ಎರಡು ಹೊತ್ತೂ ಉಣ್ಣುವ ಬೆಸ್ತರ, ಅಂಬಿಗರ ಮನೆಗೆ ಇದು ಹೊಂದುವುದೇ ಇಲ್ಲ. ನಮ್ಮ ನದಿಗಳ ಮೀನೆಲ್ಲವೂ ಈ ಗೆರೆ ಮುಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಗೆರೆಯನ್ನು ಎಳೆಯುವಾಗ ಯಾರ ತಟ್ಟೆಯನ್ನು ನೋಡಿದ್ದೇವೆ ಎಂದು ಕೇಳುತ್ತಿದ್ದೇನೆ.

ಇದೇ ದೇಶದಿಂದ ಯೂರೋಪಿಗೆ ರಫ್ತಾಗುವ ಸಿಗಡಿ, ಮೀನುಗಳನ್ನು ಭಾರಲೋಹಗಳಿಗೂ ಔಷಧಶೇಷಗಳಿಗೂ ಪರೀಕ್ಷಿಸುವ ವ್ಯವಸ್ಥೆ ನಮ್ಮಲ್ಲಿದೆ. ಕೊಳ್ಳುವವರು ಪ್ರಮಾಣಪತ್ರ ಕೇಳುತ್ತಾರೆ, ಆದ್ದರಿಂದ ಕೊಡುತ್ತೇವೆ. ಹೊಳೆದಂಡೆಯ ಸಂತೆಯಲ್ಲಿ ಕೊಳ್ಳುವವರು ಕೇಳುವುದಿಲ್ಲ, ಆದ್ದರಿಂದ ಕೊಡುವುದಿಲ್ಲ. ಜ್ಞಾನವಾಗಲೀ ಯಂತ್ರವಾಗಲೀ ನಮ್ಮಲ್ಲಿಲ್ಲವೆಂಬ ನೆಪಕ್ಕೆ ಇಲ್ಲಿ ಜಾಗವಿಲ್ಲ.

ಎಚ್ಚರಿಕೆಯ ಬೆಲೆ ಯಾರು ತೆರಬೇಕು?

ಆಡಳಿತದ ಮೌನಕ್ಕೆ ಒಂದು ಸಮರ್ಥನೆಯೂ ಇದೆ. ‘ಮೀನಿನಲ್ಲಿ ವಿಷವಿದೆ ಎಂದು ಪ್ರಕಟಿಸಿದರೆ ಮೀನುಗಾರರ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ?’ ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದು ನಿಜವಾದದ್ದನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯದ ಗ್ರಾಸಿ ನ್ಯಾರೋಸ್ ಎಂಬ ಮೂಲನಿವಾಸಿಗಳ ಊರು ಕಂಡಿದೆ. ಅದರ ಮೇಲ್ಭಾಗದ ಡ್ರೈಡನ್ ಪಟ್ಟಣದ ಕಾಗದದ ಗಿರಣಿಗೆ ಸೇರಿದ ಕ್ಲೋರಿನ್ ಘಟಕ 1962ರಿಂದ 1970ರವರೆಗೆ ಸುಮಾರು 9 ಟನ್ ಪಾದರಸವನ್ನು ನದಿಗೆ ಬಿಟ್ಟಿತು. 1970ರಲ್ಲಿ ಸರ್ಕಾರ ಅಲ್ಲಿನ ವಾಣಿಜ್ಯ ಮೀನುಗಾರಿಕೆಯನ್ನು ನಿಷೇಧಿಸಿತು. ಮೀನು ಹಿಡಿಯಲು ಬರುವ ಪ್ರವಾಸಿಗರಿಗೆ ಮಾರ್ಗದರ್ಶಕರಾಗಿ ದುಡಿಯುತ್ತಿದ್ದವರೂ ಕೆಲಸ ಕಳೆದುಕೊಂಡರು. ಊಟ ಮತ್ತು ಉದ್ಯೋಗ ಎರಡೂ ಒಟ್ಟಿಗೆ ಹೋದವು. ಮಿನಮಾಟದ ರೋಗಿಗಳಿಗಾಗಿ ಬದುಕು ಮುಡಿಪಿಟ್ಟ ಜಪಾನಿನ ವೈದ್ಯ ಮಸಾಜುಮಿ ಹರಾದ 1975ರಲ್ಲಿ ಅಲ್ಲಿಗೆ ಹೋಗಿ ಪರೀಕ್ಷಿಸಿದಾಗ ಅದೇ ಕಾಯಿಲೆಯ ಚಿಹ್ನೆಗಳನ್ನು ಕಂಡರು.

ನದಿಯ ತಳ ಸ್ವಚ್ಛಗೊಳಿಸಲು 8.5 ಕೋಟಿ ಕೆನಡಾ ಡಾಲರ್ ಕೊಡುವುದಾಗಿ ಪ್ರಾಂತೀಯ ಸರ್ಕಾರ ಹೇಳಿದ್ದು 2017ರಲ್ಲಿ, ಅಂದರೆ ಕೊಳವೆ ನಿಂತು 47 ವರ್ಷಗಳಾದ ಮೇಲೆ. ಆ ಊರಿನಲ್ಲಿ ದೀರ್ಘಕಾಲ ಪಾದರಸಕ್ಕೆ ಒಡ್ಡಿಕೊಂಡವರು ಅಕಾಲದಲ್ಲಿ ಸಾಯುತ್ತಿರುವುದನ್ನು ತೋರಿಸುವ ಅಧ್ಯಯನ 2020ರಲ್ಲಿ ಲ್ಯಾನ್ಸೆಟ್ ಸಮೂಹದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕೊಳವೆ ಮುಚ್ಚಿದ ದಿನವೇ ವಿಷ ಮುಗಿಯುವುದಿಲ್ಲ. ಹೂಳಿಗೆ ದೀರ್ಘ ನೆನಪಿದೆ.

ಹಾಗಾದರೆ ಗ್ರಾಸಿ ನ್ಯಾರೋಸ್ ಕಲಿಸುವ ಪಾಠವೇನು? ಎಚ್ಚರಿಕೆ ಕೊಡಬಾರದಿತ್ತು ಎಂದಲ್ಲ. ಎಚ್ಚರಿಕೆಯ ಜೊತೆಗೆ ಪರಿಹಾರವನ್ನೂ ಬದಲಿ ಜೀವನೋಪಾಯವನ್ನೂ ಅಂದೇ ಕೊಡಬೇಕಿತ್ತು ಎಂದು. ಕೇವಲ ಎಚ್ಚರಿಕೆ ಕೊಟ್ಟು ಕೈತೊಳೆದುಕೊಂಡರೆ ಕಲುಷಿತಗೊಳಿಸಿದವರ ದಂಡವನ್ನು ಕಲುಷಿತರಾದವರೇ ತೆತ್ತಂತಾಗುತ್ತದೆ. ಎಚ್ಚರಿಕೆಯನ್ನೇ ಕೊಡದಿದ್ದರೆ ಆ ದಂಡವನ್ನು ಅವರ ಮಕ್ಕಳು ತೆರುತ್ತಾರೆ.

ಎಚ್ಚರಿಕೆಯನ್ನು ವಿವೇಕದಿಂದ ಕೊಡುವ ದಾರಿಯೂ ಇದೆ. ಅಮೆರಿಕದ ಹಡ್ಸನ್ ನದಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳಿಂದ 1947ರಿಂದ 1977ರವರೆಗೆ ಪಿಸಿಬಿ ಎಂಬ ಬಾಳಿಕೆಯ ರಾಸಾಯನಿಕ ಹರಿಯಿತು. 1976ರಲ್ಲಿ ನದಿಯ ಮೇಲ್ಭಾಗದಲ್ಲಿ ಮೀನುಗಾರಿಕೆ ನಿಂತಿತು. ತಳದ ಹೂಳನ್ನು ಎತ್ತುವ ಕೆಲಸ ನಡೆದದ್ದು 2009ರಿಂದ 2015ರವರೆಗೆ. ಈ ಅವಧಿಯುದ್ದಕ್ಕೂ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆ ಯಾವ ಭಾಗದ ಯಾವ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದೆಂಬ ಸಲಹಾಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. ಹೆಂಗಸರಿಗೂ ಮಕ್ಕಳಿಗೂ ಅದರಲ್ಲಿ ಪ್ರತ್ಯೇಕ ಸಾಲುಗಳಿವೆ. ಪಿಸಿಬಿ ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ ಚರ್ಮ ಮತ್ತು ಕೊಬ್ಬನ್ನು ತೆಗೆದರೆ ಅಪಾಯ ಕಡಿಮೆಯಾಗುತ್ತದೆ, ಪಾದರಸಕ್ಕೆ ಆ ಉಪಾಯ ನಡೆಯದು ಎಂಬಂಥ ಅಡುಗೆಮನೆಯ ತಿಳಿವಳಿಕೆಯೂ ಇಂಥ ಸಲಹೆಗಳಲ್ಲಿ ಸೇರಿದೆ. ಜನರನ್ನು ಬೆದರಿಸದೆ ಆಯ್ಕೆಯನ್ನು ಅವರ ಕೈಗೆ ಕೊಡುವ ಕ್ರಮ ಇದು.

ನಮ್ಮ ಚರಂಡಿ, ಅವರ ಮೀನು

ಬೆಂಗಳೂರಿನ ಓದುಗರು ಇದನ್ನೆಲ್ಲ ಪರದೇಶದ ಕಥೆಯೆಂದು ಬದಿಗಿಡಬಾರದು. ಪೀಣ್ಯ ಮತ್ತು ಮೈಸೂರು ರಸ್ತೆಯ ಕೈಗಾರಿಕೆಗಳ ನೀರನ್ನೂ ನಗರದ ಒಂದು ದೊಡ್ಡ ಭಾಗದ ಕೊಳಚೆಯನ್ನೂ ಹೊತ್ತ ವೃಷಭಾವತಿ ಬೈರಮಂಗಲ ಕೆರೆಯನ್ನು ಹಾದು ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ನಮ್ಮ ನಲ್ಲಿಗೆ ಬರುವ ಕಾವೇರಿ ಆ ಸಂಗಮಕ್ಕಿಂತ ಮೇಲಿನದು. ಹಾಗಾಗಿ ನಾವು ಹೊರಬಿಟ್ಟದ್ದು ನಮ್ಮ ಲೋಟಕ್ಕೆ ಮರಳಿ ಬರುವುದಿಲ್ಲ. ಅದು ಕೆಳಗಿನವರ ಪಾಲು. ಆದರೆ ವಾರಾಂತ್ಯದಲ್ಲಿ ಹೊಗೇನಕಲ್‌ಗೆ ಹೋಗಿ ಹರಿಗೋಲು ಹತ್ತಿ, ದಂಡೆಯಲ್ಲಿ ಬಿಸಿಬಿಸಿ ಹುರಿದ ಮೀನು ತಿಂದು ಬರುವವರು ಆ ಸಂಗಮದ ಕೆಳಗೆ ಕುಳಿತಿರುತ್ತಾರೆ. ಅಲ್ಲಿ ಮೀನು ಹಿಡಿಯುವವರು ವಾರದ ಏಳೂ ದಿನ ಅಲ್ಲೇ ಇರುತ್ತಾರೆ.

ಆಗಬೇಕಾದದ್ದು ಅಸಾಧ್ಯವಾದುದೇನಲ್ಲ. ಕಲುಷಿತವೆಂದು ಈಗಾಗಲೇ ಗುರುತಿಸಿರುವ 17 ನದಿಭಾಗಗಳಿಂದ ಆರಂಭಿಸಿ, ವರ್ಷಕ್ಕೆ ಎರಡು ಸಲ, ಮಳೆಗಾಲದ ಮುನ್ನ ಮತ್ತು ನಂತರ, ಜನ ನಿಜವಾಗಿ ತಿನ್ನುವ ಜಾತಿಯ ಮೀನುಗಳ ಮಾಂಸವನ್ನು ಪಾದರಸ, ಸೀಸ, ಕ್ಯಾಡ್ಮಿಯಂ, ಕೀಟನಾಶಕಗಳಿಗೆ ಪರೀಕ್ಷಿಸಬೇಕು. ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ ಇದೆ, ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ, ರಾಜ್ಯದಲ್ಲಿ ಮೀನುಗಾರಿಕೆ ಇಲಾಖೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಗಳಿವೆ. ಇವುಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವ ಆದೇಶವೊಂದು ಬೇಕಾಗಿದೆ. ಫಲಿತಾಂಶವನ್ನು ಕಡತದಲ್ಲಿ ಕಟ್ಟಿಡದೆ ಕನ್ನಡದಲ್ಲಿ, ಮೀನಿನ ಊರ ಹೆಸರಿನಲ್ಲಿ, ಗ್ರಾಮ ಪಂಚಾಯಿತಿಯ ಫಲಕದಲ್ಲೂ ಅಂಗನವಾಡಿಯಲ್ಲೂ ಪ್ರಕಟಿಸಬೇಕು. ಗರ್ಭಿಣಿಯರು ಯಾವ ಮೀನನ್ನು ನಿಶ್ಚಿಂತೆಯಿಂದ ತಿನ್ನಬಹುದು ಎಂಬುದನ್ನು ಮೊದಲು ಹೇಳಬೇಕು. ಯಾವುದನ್ನು ಬಿಡಬೇಕು ಎಂಬುದು ಆಮೇಲಿನ ಮಾತು. ಎಲ್ಲಿ ಮೀನುಗಾರಿಕೆಯನ್ನು ನಿಲ್ಲಿಸಬೇಕಾಗುತ್ತದೋ ಅಲ್ಲಿ ಆ ಕುಟುಂಬಗಳ ನಷ್ಟವನ್ನು ನದಿಗೆ ತ್ಯಾಜ್ಯ ಬಿಟ್ಟವರಿಂದಲೇ ವಸೂಲು ಮಾಡಬೇಕು. ವಸೂಲಾಗುವವರೆಗೆ ಸರ್ಕಾರ ಅದನ್ನು ಭರಿಸಬೇಕು.

ಪಾದರಸದ ಬಳಕೆಯನ್ನು ನಿಯಂತ್ರಿಸುವ ಮಿನಮಾಟ ಒಪ್ಪಂದಕ್ಕೆ ಭಾರತ 2014ರಲ್ಲಿ ಸಹಿ ಹಾಕಿ, 2018ರಲ್ಲಿ ಅದನ್ನು ಅಂಗೀಕರಿಸಿದೆ. ಆ ಹೆಸರಿನ ಊರು ಲೋಕಕ್ಕೆ ಪರಿಚಯವಾದದ್ದು ಅಲ್ಲಿನ ನೀರಿನ ಪರೀಕ್ಷಾ ವರದಿಗಳಿಂದಲ್ಲ. ಮೀನು ತಿಂದ ಬೆಸ್ತರ, ಅವರ ಬೆಕ್ಕುಗಳ, ಅವರ ಮಕ್ಕಳ ಕೈಕಾಲುಗಳಿಂದ. ಒಪ್ಪಂದಕ್ಕೆ ಸಹಿ ಹಾಕಿದ ಸರ್ಕಾರ ತನ್ನ ನದಿಗಳ ದಂಡೆಯಲ್ಲಿ ಅಂಥ ಪುರಾವೆಗಾಗಿ ಕಾಯಬಾರದು. ಮುಂದಿನ ಬೇಸಿಗೆಯಲ್ಲಿ ಮಂಡಳಿಯ ಸಿಬ್ಬಂದಿ ನೀರಿನ ಬಾಟಲಿ ಹಿಡಿದು ಸಂಗಮಕ್ಕೆ ಹೋದಾಗ, ಅಲ್ಲಿನ ಬೆಸ್ತರಿಂದ ನಾಲ್ಕು ಮೀನನ್ನೂ ಹಣ ಕೊಟ್ಟು ಕೊಂಡು, ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ತರಲಿ. ಫಲಿತಾಂಶ ಏನೇ ಬರಲಿ, ಅದನ್ನು ಮೊದಲು ಆ ನಾಲ್ಕು ಮೀನು ಮಾರಿದವರಿಗೆ ಹೋಗಿ ಹೇಳಲಿ.